ಐದನೆಯ ಸಾಲಿನಲ್ಲಿ ಹೆಸರಿಲ್ಲ

ನಲವತ್ತಾರನೇ ವಯಸ್ಸಿನಲ್ಲಿ, ಕಳೆದ ವಾರ ನಾನು ಫೇಲಾದೆ. ಅದೂ ನನ್ನದೇ ಹಳೆಯ ಶಿಷ್ಯೆಯ ಕ್ಲಾಸಿನಲ್ಲಿ!

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ನಮ್ಮ ಕೋಲಾರಕ್ಕೂ ಬಂದಿದೆ. ಬಟ್ಟೆ ಅಂಗಡಿಯ ಮಹಡಿಯಲ್ಲಿ ಕ್ಲಾಸು. (ಚಪ್ಪಲಿ ಹೊರಗೆ ಬಿಡಬೇಕು. ಯಂತ್ರಕ್ಕೆ ಧೂಳು ಆಗುವುದಿಲ್ಲವಂತೆ.) ಕಾಲೇಜಿನಲ್ಲಿ ಗಣಿತ ಹೇಳುವ ನನಗೆ ಕಲಿಯುವ ಹುಚ್ಚು ಅಂತ ಎಲ್ಲರೂ ತಿಳಿದಿದ್ದಾರೆ. ನಿಜ ಹೇಳಲೇ? ಸಂಜೆ ಐದರ ಮೇಲೆ ನನ್ನ ಬಾಡಿಗೆ ರೂಮಿನಲ್ಲಿ ಒಬ್ಬನೇ ಕೂರಲು ಆಗುವುದಿಲ್ಲ, ಅಷ್ಟೇ.

ಅವತ್ತಿನ ಪಾಠ ಆಬ್ಜೆಕ್ಟ್. ಮೊದಲು ‘ವ್ಯಕ್ತಿ’ ಅಂತ ಒಂದು ಖಾಲಿ ಫಾರಂ ಮಾಡಿಕೊಳ್ಳಬೇಕು. ಹೆಸರು, ಊರು. ಭರ್ತಿಯಾದ ಒಂದೊಂದು ಫಾರಮ್ಮೂ ಒಂದೊಂದು ಆಬ್ಜೆಕ್ಟ್. ದಿನಾ ಮಾತಾಡಿಸುವ ಐದು ಜನರನ್ನು ಭರ್ತಿ ಮಾಡಿ, ಪಟ್ಟಿಗೆ ಸೇರಿಸಿ, ಪ್ರಿಂಟ್ ಕೊಡಿ ಅಂದಳು ಶಿಷ್ಯೆ.

ಪಕ್ಕದವರು ಹತ್ತು ಜನರನ್ನು ಹಾಕಬಹುದಾ ಎಂದು ಕೇಳುತ್ತಿದ್ದರು. ನಾನು ಐದಕ್ಕೇ ತಿಣುಕಿದೆ. ಕಾಲೇಜಿನ ಅಟೆಂಡರು, ಮನೆ ಓನರು, ಪೇಪರ್ ಏಜೆಂಟು, ಕ್ಷೌರದಂಗಡಿಯವನು (ದಿನಾ ಅಲ್ಲ, ಆದರೂ ಇರಲಿ). ಐದನೆಯವರು ಮೆಸ್ಸಿನ ಅಕ್ಕ. ಆರು ವರ್ಷದಿಂದ ಎರಡು ಹೊತ್ತೂ ನನಗೆ ಮುದ್ದೆ ಬಡಿಸುವವರು. ಊರು ರಾಯಲ್ಪಾಡು.

ಹೆಸರು?

ಗೊತ್ತಿಲ್ಲ. ನಮ್ಮ ಕಡೆ ಮೆಸ್ಸಿನವರ ಹೆಸರು ಯಾರು ಕೇಳುತ್ತಾರೆ? ಅಕ್ಕ ಅಂದರೆ ಮುಗಿಯಿತು. ಆ ಜಾಗ ಖಾಲಿ ಬಿಟ್ಟು ಪ್ರಿಂಟ್ ಕೊಟ್ಟೆ.

ಬಂದದ್ದೇನು? ಒಬ್ಬರ ಹೆಸರೂ ಇಲ್ಲ, ಊರೂ ಇಲ್ಲ. ಅಂಕಿ, ಅಕ್ಷರ ಕಲಸಿಹೋದ ಐದು ಸಾಲು.

“ಈ ಯಂತ್ರ ಅವರನ್ನ ತನ್ನ ಮೆಮೊರಿಯಲ್ಲಿ ಎಲ್ಲಿಟ್ಟಿದೆ ಅನ್ನೋದಷ್ಟೇ ಅದಕ್ಕೆ ಗೊತ್ತು ಸಾರ್. ಯಾರು ಅಂತ ಹೇಳೋಕೆ ಬರಲ್ಲ. ಒಬ್ಬೊಬ್ಬರ ಬಗ್ಗೆ ಏನು ತೋರಿಸ್ಬೇಕು ಅಂತ ನೀವೇ ಬರ್ಕೊಡ್ಬೇಕು,” ಅಂದಳು ಶಿಷ್ಯೆ.

ಬರೆದುಕೊಟ್ಟೆ. ಈ ಸಲ ನಾಲ್ಕು ಸಾಲು ಸರಿಯಾಗಿ ಬಂದವು. ಐದನೆಯದರಲ್ಲಿ ರಾಯಲ್ಪಾಡು ಮಾತ್ರ. ಅವಳು ಅದನ್ನು ನೋಡಿದಳು. ನನಗೆ ನಾಚಿಕೆಯಾಯಿತು.

ಮಾರನೆಯ ಮಧ್ಯಾಹ್ನ ಎಲೆಯ ಮುಂದೆ ಕೂತವನೇ ಅಕ್ಕನ ಹೆಸರು ಕೇಳಿದೆ. ಅವರಿಗೆ ಗಾಬರಿ. ತೆಲುಗಿನಲ್ಲಿ ಯಾಕೆ ಅಂದರು, ಆಮೇಲೆ ಕನ್ನಡದಲ್ಲಿ ರೇಷನ್ ಕಾರ್ಡಿಗಾ ಅಂದರು. ಸುಮ್ಮನೆ ಕೇಳಿದೆ ಅಂದೆ. ಸೆರಗಿಗೆ ಕೈ ಒರೆಸಿಕೊಂಡರು.

“ಮುನಿರತ್ನಮ್ಮ.”

ಮದುವೆಯಾಗಿ ಈ ಊರಿಗೆ ಬಂದ ಮೇಲೆ ಯಾರೂ ಕೇಳಿರಲಿಲ್ಲವಂತೆ. ಸಾರು ಹಾಕುತ್ತಾ ಅವರೇ ಕೇಳಿದರು. “ಅದ್ಸರಿ, ನಿಮ್ಮ ಹೆಸರೇನು ಸಾರ್? ಇಷ್ಟು ವರ್ಷ ಲೆಕ್ಕದ ಸಾರ್ ಅಂತಾನೇ ನಡ್ಸ್ಕೊಂಡ್ ಬಂದ್ಬಿಟ್ಟೆ.”

ಹೇಳಿದೆ. ನನ್ನ ಹೆಸರು ನನ್ನ ಕಿವಿಗೇ ಬೇರೆ ಯಾರದೋ ಅನ್ನಿಸಿತು. ನಮ್ಮೂರು ತಾಯಲೂರಿನಲ್ಲಿ ಅಮ್ಮ ತೀರಿಹೋದ ಮೇಲೆ ಅದನ್ನು ಯಾರೂ ಬಾಯಿಗೆ ತಂದಿಲ್ಲ. ಒಳ್ಳೇ ಹೆಸರು ಅಂದರು ಮುನಿರತ್ನಮ್ಮ. ಆ ಹೆಸರು ಹಿಡಿದು ಕರೆಯುತ್ತಾರೇನೋ ಅಂತ ನಾನು ಕಾದೆ, ಸುಳ್ಳೇಕೆ ಹೇಳಲಿ? ಮಜ್ಜಿಗೆ ತಂದಾಗ ಮತ್ತೆ ‘ಸಾರ್’ ಅಂದರು. ನಾನೂ ‘ಸಾಕಕ್ಕ’ ಅಂದೆ.

ಈ ಅಂಕಣದ ಮೇಲೆ ವಾರವಾರವೂ ನನ್ನ ಹೆಸರು ಓದುವವರು ನೀವಿಷ್ಟು ಜನ ಇದ್ದೀರಿ. ಒಂದು ಸಲ ಆ ಹೆಸರು ಹಿಡಿದು ನನ್ನನ್ನು ಕರೆಯುವವರು ಯಾರಿದ್ದೀರಿ, ಹೇಳಿ?