ಹಿಂದಿನ ಗಾಜಿನ ಬಲಮೂಲೆ

ಹನುಮಂತಣ್ಣ, ಮೇಷ್ಟ್ರ ಕಾರಿನ ಹಿಂದಿನ ಗಾಜಿನ ಮೂಲೆಗೆ ಟವೆಲಿನ ಚೂರು ತುರುಕಿ ಮೇಲೆ ತೂತು ಮುಚ್ಚುವ ಪುಟ್ಟಿ ಮೆತ್ತಿದವನು ನಾನು. ನಾಲ್ಕು ಜನರ ಮುಂದೆ ಅದನ್ನು ನಿನ್ನ ತಲೆಗೆ ಕಟ್ಟಿದವನೂ ನಾನೇ. ಹೇಳಲು ಇಷ್ಟು ವರ್ಷ ಬೇಕಾಯಿತು — ಬೇಕಾಯಿತು ಅನ್ನುವುದೂ ಸುಳ್ಳು. ಹೇಳದೇ ಇದ್ದರೂ ನನ್ನ ಬದುಕು ನಡೆಯುತ್ತಿತ್ತು, ಅದಕ್ಕೇ ಹೇಳಲಿಲ್ಲ.

ಗೋವಿನಕೋವಿ ಮೇಷ್ಟ್ರ ಆ ಬಿಳಿ ಕಾರನ್ನು ನೀನು ಮರೆತಿರಲಾರೆ. ಆಗಲೇ ಅದು ಹಳೆಯದು. ಮಗಳ ಮದುವೆ ಚನ್ನಗಿರಿಯಲ್ಲಿ. ಮದುಮಗಳನ್ನು ಅದರಲ್ಲೇ ಕರೆದೊಯ್ಯಬೇಕೆಂಬುದು ಅವರ ಆಸೆ. ಹಿಂದಿನ ಗಾಜಿನ ಸುತ್ತ ತುಕ್ಕು ಹಿಡಿದಿದೆ, ಸರಿ ಮಾಡಿಕೊಡಿ ಎಂದು ಹೊನ್ನಾಳಿಯ ನಮ್ಮ ಶೆಡ್ಡಿಗೆ ತಂದು ಬಿಟ್ಟರು. ನೀನು ಗಾಜು ಬಿಚ್ಚಿ, ಮೇಲಿನ ಎಡಮೂಲೆಯನ್ನು ಕತ್ತರಿಸಿ ಹೊಸ ತಗಡು ಬೆಸೆದೆ. ಅಷ್ಟರಲ್ಲಿ ನ್ಯಾಮತಿಯಿಂದ ಲಾರಿ ಕೆಲಸಕ್ಕೆ ಕರೆ ಬಂತು. ಬಲಮೂಲೆ ನನಗೆ ಬಿಟ್ಟೆ. ಕೊಳೆತ ತಗಡನ್ನೆಲ್ಲ ಕತ್ತರಿಸಿ ತೆಗೆಯುವ ತನಕ ಪುಟ್ಟಿ ಮುಟ್ಟಬೇಡ ಎಂದು ಹೇಳಿ ಹೋದೆ.

ಸ್ಕ್ರೂಡ್ರೈವರ್ ತಾಗಿಸಿದರೆ ಸಾಕು, ತಗಡು ಹಪ್ಪಳದಂತೆ ಮುರಿಯುತ್ತಿತ್ತು. ಬೆರಳು ತೂರುವಷ್ಟು ತೂತು. ಮದುವೆಗೆ ಹೊತ್ತಾಗುತ್ತಿತ್ತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದಲ್ಲ. ಬೇಜಾರಾಗಿತ್ತು, ಅಷ್ಟೇ. ಹೆಗಲ ಮೇಲಿನ ಟವೆಲಿನ ತುದಿ ಹರಿದು ತೂತಿಗೆ ತುರುಕಿದೆ, ಪುಟ್ಟಿ ಹಚ್ಚಿ ಉಜ್ಜಿದೆ, ಬಣ್ಣ ಹೊಡೆದು ಗಾಜು ಕೂರಿಸಿದೆ. ನಿನ್ನ ಮೂಲೆಗಿಂತ ನನ್ನದೇ ನುಣುಪಾಗಿ ಕಾಣುತ್ತಿತ್ತು.

ಚನ್ನಗಿರಿ ದಾರಿಯಲ್ಲಿ ಮಳೆ ಹಿಡಿಯಿತು. ಒಳಚಾವಣಿಯ ಬಟ್ಟೆಯಗುಂಟ ಹರಿದ ತುಕ್ಕಿನ ನೀರು, ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರ ನಡುವೆ ಕೂತಿದ್ದ ಮದುಮಗಳ ಹೆಗಲಿಗೆ ಸುರಿಯಿತು. ತಿಳಿಹಳದಿ ರೇಷ್ಮೆಯ ಮೇಲೆ ಕೆಂಪು ಕಲೆ. ಗಂಡಿನ ಕಡೆಯವರು ಅಪಶಕುನ ಎಂದು ಗುಸುಗುಸು ಮಾಡಿದರಂತೆ. ಮದುವೆಯೇನೋ ನಡೆಯಿತು, ಮೇಷ್ಟ್ರು ತಲೆ ತಗ್ಗಿಸಿಕೊಂಡೇ ಧಾರೆ ಎರೆದರು.

ಅವರು ಶೆಡ್ಡಿಗೆ ಬಂದಾಗ ನೀನಿರಲಿಲ್ಲ. ಚಹಾದಂಗಡಿಯವನು, ಪಂಕ್ಚರ್ ಅಂಗಡಿಯವನು, ಎಲ್ಲ ಸೇರಿದ್ದರು. ಇದನ್ನು ಮಾಡಿದವರು ಯಾರು ಎಂದು ಕೇಳಿದರು. ನಾನು ಅಂದೆ —

"ಅದು ಹನುಮಂತಣ್ಣನ ಕೈಕೆಲ್ಸ ಸಾರ್."

ನೀನು ಬಂದೆ. ಅಷ್ಟು ಜನರ ಮುಂದೆ ಬೈಸಿಕೊಂಡೆ. ನನ್ನ ಕಡೆ ಒಮ್ಮೆ ನೋಡಿ, ಮೇಷ್ಟ್ರಿಗೆ, ಗಾಡಿ ಬಿಟ್ಟು ಹೋಗಿ, ನಾನೇ ಸರಿ ಮಾಡಿಕೊಡುತ್ತೇನೆ ಎಂದೆ. ನಾನು ಉಬ್ರಾಣಿಯ ನೆಂಟರ ಗೃಹಪ್ರವೇಶದ ನೆಪ ಹೇಳಿ ಜಾರಿಕೊಂಡೆ. ಮರಳಿ ಬಂದಾಗ ಕಾರು ಹೋಗಿತ್ತು. ಆಮೇಲೆ ಗಿರಾಕಿಗಳು ನಿನ್ನ ಕೈಗೆ ಗಾಡಿ ಕೊಡಲು ಹಿಂದೆಮುಂದೆ ನೋಡತೊಡಗಿದರು; ಕೆಲಸ ಕಲಿಸಿದ ನಿನ್ನನ್ನು ಬಿಟ್ಟು ನನ್ನನ್ನು ಕೇಳಿಕೊಂಡು ಬಂದರು. ಕೊನೆಗೊಂದು ದಿನ, ಊರಲ್ಲಿ ಕುರಿಗಳಿವೆ, ನೋಡಿಕೊಂಡಿರುತ್ತೇನೆ ಎಂದು ನೀನು ಜಗಳೂರು ಬಸ್ಸು ಹತ್ತಿದೆ. ನಾನು ತಡೆಯಲಿಲ್ಲ.

ಮಾರನೆಯ ದಿನ ಚಹಾದವನು ರೂಢಿಯಂತೆ ಬೈ-ಟು ತಂದಿಟ್ಟ. ಒಂದು ಲೋಟ ಕುಡಿದೆ. ಇನ್ನೊಂದರಲ್ಲಿ ಕೆನೆ ಕಟ್ಟಿತು. ಅಂದಿನಿಂದ ನನ್ನ ಜೊತೆ ಚಹಾ ಹಂಚಿಕೊಂಡವರಿಲ್ಲ. ಕೆಲಸಕ್ಕೆ ಯಾರನ್ನು ಇಟ್ಟುಕೊಂಡರೂ ಅವರ ಕಣ್ಣು ನನ್ನ ಕೈಯ ಮೇಲೆಯೇ ಇದೆ ಅನ್ನಿಸಿ — ನಾನೇ ಕಳಿಸಿಬಿಡುತ್ತೇನೆ. ದಿನವಿಡೀ ನನ್ನ ಸುತ್ತಿಗೆಯ ಸದ್ದನ್ನು ನಾನೊಬ್ಬನೇ ಕೇಳುತ್ತೇನೆ.

ಒಂದೇ ಒಂದು ಸಮಾಧಾನ ಇತ್ತು. ನೀರು ಯಾವ ಮೂಲೆಯಿಂದ ಇಳಿಯಿತೆಂದು ಯಾರೂ ನೋಡಿರಲಿಲ್ಲ. ನಿನ್ನ ಎಡಮೂಲೆಯೇ ಸೋರಿತು ಎಂದು ನೀನೂ ನಂಬಿರಬೇಕು, ನಾನು ಮಾಡಿದ್ದು ನಿನಗೆ ತಿಳಿದಿರಲಿಕ್ಕಿಲ್ಲ — ಹೀಗೆ.

ಹೋದ ವಾರ ಆ ಕಾರು ಮತ್ತೆ ಬಂತು. ಓಡಿಸಿಕೊಂಡು ಬಂದಾಕೆ ಆ ಮದುಮಗಳೇ. ಈಗ ತಲೆ ಅಲ್ಲಲ್ಲಿ ನರೆತಿದೆ. ಮೇಷ್ಟ್ರು ತೀರಿಕೊಂಡಿದ್ದಾರೆ. ಗಾಜಿನ ಕೆಳಗಂಚಿನ ತುಕ್ಕು ತೋರಿಸಿ, ಅಂದು ಕೆಡಿಸಿದ ಆ ಹನುಮಂತಪ್ಪನ ಕೈಗೆ ಮಾತ್ರ ಕೊಡಬೇಡಿ ಎಂದಳು. ನಾನು ತಲೆಯಾಡಿಸಿದೆ.

ಗಾಜು ಬಿಚ್ಚಿ ಬಲಮೂಲೆಯ ಬಣ್ಣ ಕೆರೆದೆ. ಟವೆಲ್ ಇಲ್ಲ, ಪುಟ್ಟಿ ಇಲ್ಲ. ಅಲ್ಲಿ ಬೇರೆ ತಗಡು, ಅದರ ಸುತ್ತ ನಿನ್ನ ಒತ್ತೊತ್ತಾದ ಬೆಸುಗೆ. ಎಡಮೂಲೆ ನೀನು ಮೊದಲು ಮಾಡಿದಂತೆಯೇ ಇತ್ತು. ಅದನ್ನು ಮತ್ತೆ ಮುಟ್ಟಿಯೇ ಇರಲಿಲ್ಲ. ಅಂದರೆ — ನನ್ನ ಟವೆಲಿನ ಚೂರು ನಿನ್ನ ಕೈಗೆ ಸಿಕ್ಕಿತ್ತು. ತುದಿ ಹರಿದ ಅದೇ ಟವೆಲನ್ನು ಹೆಗಲಿಗೆ ಹಾಕಿಕೊಂಡು ನಾನು ನಿನ್ನೆದುರೇ ಓಡಾಡಿದೆ, ನಿನ್ನ ಡಬ್ಬಿಯ ರೊಟ್ಟಿ ಮುರಿದು ತಿಂದೆ. ನಿನಗೆ ಎಲ್ಲ ಗೊತ್ತಿತ್ತು. ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಕಾರು ಒಯ್ಯಲು ಬಂದಾಗ ಆಕೆಗೆ ಒಂದೂ ಬಿಡದೆ ಹೇಳಿದೆ. ಆಕೆ ಗಾಜಿನ ಬಲಮೂಲೆಯನ್ನು ಬೆರಳಿನಿಂದ ಸವರಿದಳು.

"ಈಗ ಹೇಳಾಕೆ ಬಂದ್ರೇನ್ರಿ? ನಮ್ಮಪ್ಪ ಸಾಯೋಗಂಟ ಆ ಮನುಷ್ಯನ್ನ ಬೈಕಂತಾನೇ ಇದ್ರು."

ಇಂದು ಬೆಳಿಗ್ಗೆ ಚಹಾದಂಗಡಿಯಲ್ಲೂ ಹೇಳಿದೆ. ಅವನು ನನ್ನ ಲೋಟ ಎತ್ತಿಕೊಂಡು ಒಳಗೆ ಹೋದ.

ನಾಳೆ ಜಗಳೂರಿಗೆ ಬರುತ್ತೇನೆ. ಕ್ಷಮಿಸು ಅನ್ನುವ ಮುಖ ನನಗಿಲ್ಲ, ಅನ್ನುವುದೂ ಇಲ್ಲ. ನೀನು ಬಾಗಿಲು ತೆಗೆದರೂ ಸರಿ, ತೆಗೆಯದಿದ್ದರೂ ಸರಿ — ನಿನ್ನ ಓಣಿಯ ಜನರೆಲ್ಲ ಕೇಳುವಂತೆ ಅಂಗಳದಲ್ಲಿ ನಿಂತು, ಅಂದು ಹೇಳಬೇಕಿದ್ದ ಮಾತು ಹೇಳುತ್ತೇನೆ. ಅದು ನನ್ನ ಕೈಕೆಲಸ.