ಪರದೆಯ ಮರೆಯಲ್ಲಿ ಬಾಯಿಕಟ್ಟಿ ನಿಂತವಳು

ಮೊನ್ನೆ ಟೋಕಿಯೋದ ನಿಶಿ ಕಸಾಯಿಯ ಕೊಂಬಿನಿ ಅಂಗಡಿಯಲ್ಲಿ ದಕ್ಷಿಣ ಆಫ್ರಿಕಾದ ಕೆಂಪು ಚಹಾದ ಬಾಟಲಿ ಕೊಂಡು ಬಾಗಿಲಲ್ಲೇ ಮುಚ್ಚಳ ತೆಗೆದೆ. ಒಣಹುಲ್ಲಿಗೆ ಜೇನು ಸವರಿದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತುಬಿಟ್ಟಿತು. ಹಿಂದಿದ್ದವರಿಗೆ ಸುಮಿಮಾಸೆನ್ ಎಂದು ದಾರಿ ಬಿಡುವಾಗ ಕಣ್ಣು ಒದ್ದೆಯಾಗಿತ್ತು.

ಆ ಚಹಾ ನಾನು ಮೊದಲು ಕುಡಿದದ್ದು ಪಕ್ಕದ ಮನೆಯ ಆಂಟಿಯ ಅಡುಗೆಮನೆಯಲ್ಲಿ. ಆಗ ಕಂಪ್ಯೂಟರಿನವರಿಗೆಲ್ಲ ವೈ-ಟು-ಕೆ ಭೂತ ಹಿಡಿದಿದ್ದ ಕಾಲ. ಬೆಳಿಗ್ಗೆ ತೋಜಾಯಿ ರೈಲು ಹತ್ತಿದ ಗಂಡನ ಮುಖ ಮತ್ತೆ ಕಂಡರೆ ಅದೇ ದೇವರ ದಯೆ. ಮೈಸೂರು ಬಿಟ್ಟು ಬಂದ ನಾನು, ವಟವಟ ಅನ್ನದಿದ್ದರೆ ಅನ್ನ ಜೀರ್ಣವಾಗದವಳು, ಗೋಡೆ ನೋಡುತ್ತ ಕೂತಿರುತ್ತಿದ್ದೆ.

ಆಂಟಿ ದಕ್ಷಿಣ ಆಫ್ರಿಕಾದ ಬಿಳಿಯ ಹೆಂಗಸು. ವಯಸ್ಸು ಎಪ್ಪತ್ತರ ಹತ್ತಿರ, ಹೊಟ್ಟೆಪಾಡಿಗೆ ಇಂಗ್ಲಿಷ್ ಪಾಠ. ಆದರೆ ಅವರ ಮನೆಮಾತು ಆಫ್ರಿಕಾನ್ಸ್. ಆ ಭಾಷೆಯ ನಾಟಕಗಳಲ್ಲಿ ನಲವತ್ತು ವರ್ಷ ನಾಯಕಿ, ತಾಯಿ, ಅಜ್ಜಿ ಎಲ್ಲ ಆಗಿ, ಕಂಪನಿಯ ಬಸ್ಸಿನಲ್ಲಿ ಊರೂರು ಸುತ್ತಿದವರು. "ಬಿಳಿಯರಿಗೆ ಮಾತ್ರ ಅನ್ನೋ ಬೋರ್ಡು ಬಾಗಿಲಲ್ಲೇ ಇರುತ್ತಿತ್ತು. ಓದಿಕೊಂಡೇ ಒಳಗೆ ಹೋಗಿ ಪಾತ್ರ ಮಾಡಿದೆ," ಎಂದು ಒಮ್ಮೆ ತಾವಾಗಿಯೇ ಹೇಳಿ, ನನ್ನ ಮುಖ ನೋಡದೆ ಚಹಾ ಬಗ್ಗಿಸಿದರು. ಆಮೇಲೆ ಕಾಲ ಬದಲಾಯಿತು, ಕಂಪನಿ ಮುಚ್ಚಿತು...

ನಾನು ಕಾಣುವ ಹೊತ್ತಿಗೆ ಅವರ ನೆನಪು ಸೋರತೊಡಗಿತ್ತು. ಒಲೆಯ ಮೇಲಿಟ್ಟ ಪಾತ್ರೆ ಮರೆಯುತ್ತಿತ್ತು, ನನ್ನ ಹೆಸರು ಮರೆಯುತ್ತಿತ್ತು. ಅಂಥದ್ದರಲ್ಲಿ ಮಿನಾಟೋ ಬಡಾವಣೆಯ ಒಂದು ಪುಟ್ಟ ಸಭಾಂಗಣದಲ್ಲಿ ಹತ್ತು ನಿಮಿಷದ ಆಫ್ರಿಕಾನ್ಸ್ ಏಕಪಾತ್ರಕ್ಕೆ ಕರೆ ಬಂತು. ಮನೆ ಬಿಟ್ಟು ಹೋದ ಮಗಳನ್ನು ತಾಯಿ ಶಪಿಸುತ್ತಾಳೆ, ಕೊನೆಯ ನಾಲ್ಕು ಸಾಲಿನಲ್ಲಿ ಕ್ಷಮಿಸುತ್ತಾಳೆ. "ಇದೊಂದನ್ನು ಪೂರ್ತಿ ಹೇಳಿ ಮುಗಿಸಿದರೆ ಸಾಕು. ಆಮೇಲೆ ಏನು ಬೇಕಾದರೂ ಮರೆತುಹೋಗಲಿ," ಅಂದರು.

ನಮ್ಮ ಕಂಪನಿ ನಾಟಕಗಳಲ್ಲಿ ಪರದೆಯ ಮರೆಯಿಂದ ಮಾತು ಎತ್ತಿಕೊಡುವವರಿರುತ್ತಾರಲ್ಲ, ಆ ಕೆಲಸ ನನ್ನ ಪಾಲಿಗೆ ಬಂತು. ಅವರು ಹೇಳಿದ್ದನ್ನು ಹೇಳಿದ ಹಾಗೇ ಕನ್ನಡದ ಅಕ್ಷರದಲ್ಲಿ ಬರೆದುಕೊಂಡೆ. "ನಿಂಗ್ಯಾಕೆ ಇಲ್ಲದ ಉಸಾಬರಿ? ಒಂದು ವರ್ಡೂ ಅರ್ಥ ಆಗಲ್ಲ, ಪ್ರಾಂಪ್ಟ್ ಬೇರೆ ಮಾಡ್ತಾಳಂತೆ!" ಎಂದು ನನ್ನ ಗಂಡ ನಕ್ಕರು.

ಅಭ್ಯಾಸದ ವೇಳೆ ಆಂಟಿ ಒಂದು ಕಡೆ ಸುಮ್ಮನಾದರು. ನಾನು ಅವಸರಕ್ಕೆ ಮುಂದಿನ ಪದ ಹೇಳಿಬಿಟ್ಟೆ. ಅಬ್ಬಾ, ಆ ಸಿಟ್ಟು! "ನನ್ನ ಮೌನ ನನ್ನದು. ಅದರಲ್ಲಿ ಬಾಯಿ ಹಾಕಬೇಡ. ಮಾತು ಬೇಕಾದರೆ ಶಾಲು ಮುಟ್ಟಿಕೊಳ್ಳುತ್ತೇನೆ, ಆಗ ಮಾತ್ರ ಹೇಳು." ಅವತ್ತಿನಿಂದ ನನ್ನ ಕಣ್ಣೆಲ್ಲ ಅವರ ಕೈಯ ಮೇಲೆಯೇ.

ಪ್ರದರ್ಶನದ ಮಧ್ಯಾಹ್ನ ಆಂಟಿ ಶಪಿಸಿದ ರೀತಿಗೆ ಅರ್ಥ ತಿಳಿಯದ ನನಗೇ ಮೈ ಜುಮ್ಮೆಂದಿತು. ಕ್ಷಮೆಯ ಸಾಲುಗಳ ಮುಂದೆ ಬಂದು ನಿಂತರು. ಮುಂದಿನ ಪದ ನನ್ನ ನಾಲಿಗೆಯ ತುದಿಯಲ್ಲಿತ್ತು. ಕೈ ನೋಡಿದೆ. ಕೈ ಇಳಿಬಿದ್ದಿತ್ತು. ನಟನೆಯೇ ಇರಬೇಕು ಎಂದುಕೊಂಡೆ, ಕಾದೆ... ಆಮೇಲೆ ಅವರ ಕಣ್ಣು ಸೂರಿನಲ್ಲಿ ಏನನ್ನೋ ಹುಡುಕುತ್ತಿರುವುದು ಕಂಡಿತು. ಅಯ್ಯೋ ದೇವರೇ, ಶಾಲು ಮುಟ್ಟಬೇಕೆಂಬುದೇ ಅವರಿಗೆ ಮರೆತುಹೋಗಿತ್ತು! ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನ ಜಪಾನಿ ಹಿರಿಯರೊಬ್ಬರು ಮುಗಿಯಿತೆಂದು ತಿಳಿದು ಮೆಲ್ಲನೆ ಚಪ್ಪಾಳೆ ತಟ್ಟಿದರು. ಸಭೆಯೆಲ್ಲ ತಟ್ಟಿತು. ಆ ಭಾಷೆ ಬಲ್ಲ ನಾಲ್ಕೈದು ಜನರೂ ತಲೆ ತಗ್ಗಿಸಿಕೊಂಡು ತಟ್ಟಿದರು. ಆಂಟಿ ಕೈಜೋಡಿಸಿ ಬಾಗಿದರು.

ಒಳಗೆ ಬಂದು ನನ್ನ ಎರಡೂ ಕೈ ಹಿಡಿದರು. "ಪೂರ್ತಿ ಹೇಳಿದೆ, ಅಲ್ವಾ?"

"ಒಂದಕ್ಷರ ಬಿಡಲಿಲ್ಲ ಆಂಟಿ." ಇನ್ನೇನು ಹೇಳಲಿ?

ಕೆಲವು ತಿಂಗಳಲ್ಲಿ, ಹದಿನೈದು ವರ್ಷ ಮಾತು ಬಿಟ್ಟಿದ್ದ ಅವರ ತಂಗಿ ಬಂದು ಅವರನ್ನು ಊರಿಗೆ ಕರೆದೊಯ್ದರು. ಎರಡು ವರ್ಷದ ಮೇಲೆ ಆಂಟಿ ತೀರಿಹೋದ ಸುದ್ದಿಯೊಂದಿಗೆ ಆ ತಂಗಿಯ ಕಾಗದ ಬಂತು. "ಟೋಕಿಯೋದಲ್ಲಿ ಪೂರ್ತಿ ಹೇಳಿದೆ ಎಂದು ಅಕ್ಕ ಕೊನೆಯವರೆಗೂ ಹೇಳುತ್ತಿದ್ದಳು. ನನ್ನನ್ನು ಕ್ಷಮಿಸಿದೆ ಎಂದು ಮಾತ್ರ ಅವಳ ಬಾಯಲ್ಲಿ ಬರಲಿಲ್ಲ. ಆ ಕ್ಷಮೆಯ ಸಾಲುಗಳನ್ನು ಅಲ್ಲಿ ಹೇಗೆ ಹೇಳಿದಳು? ಅಲ್ಲಿದ್ದವರಲ್ಲಿ ನನಗೆ ಗೊತ್ತಿರುವವಳು ನೀನೊಬ್ಬಳೇ. ದಯವಿಟ್ಟು ಬರೆದು ತಿಳಿಸು."

ಇಷ್ಟು ವರ್ಷವಾಯಿತು, ಆ ತಂಗಿ ಈಗ ಇದ್ದಾರೋ ಇಲ್ಲವೋ. ನಾನು ಇನ್ನೂ ಉತ್ತರ ಬರೆದಿಲ್ಲ.