ಅವ್ವನ ತಲೆಯೊಳಗಿನ ಬೆಳಕು

ಹೊಂಗನೂರಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದ ಅವ್ವ ಒಂದು ಬೆಳಿಗ್ಗೆ ನನ್ನನ್ನು ಕರೆದು ಮೆಲ್ಲಗೆ ಕೇಳಿದಳು: “ಆ ಮೂಲೇಲಿ ಕುಂತವ್ರಲ್ಲ ಹೆಂಗಸ್ರು, ಯಾರವ್ರು ಮಗಾ? ಒಸಿ ಕಾಪಿ ಕೊಡು.”

ಮೂಲೆಯಲ್ಲಿ ಯಾರೂ ಇರಲಿಲ್ಲ.

ಆಮೇಲೆ ಆ ಹೆಂಗಸರು ದಿನಾ ಬರತೊಡಗಿದರು. ಒಂದು ದಿನ ಅವ್ವ ಊರಿನ ಸುದ್ದಿಯನ್ನೆಲ್ಲ ತಪ್ಪಿಲ್ಲದೆ ಹೇಳುವಳು. ಮರುದಿನ ಸೆರಗು ಹೊದೆಯಲೂ ತಿಳಿಯದೆ ಕೂರುವಳು. ದೊಡ್ಡಮ್ಮ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದರು. ಚನ್ನಪಟ್ಟಣದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನಾನು ಇನ್ನೂ ಒರಟಾಗಿ ನಡೆದುಕೊಂಡೆ. “ಸುಳ್ಳು ಹೇಳ್ಬ್ಯಾಡ ಕಣವ್ವ, ಅಲ್ಲಿ ಯಾರೂ ಇಲ್ಲ,” ಎಂದು ಗದರಿದೆ. ಭ್ರಮೆಗೆಂದು ಯಾರೋ ಬರೆದುಕೊಟ್ಟ ಮಾತ್ರೆ ನುಂಗಿಸಿದ ಮೇಲಂತೂ ಅವಳ ಕೈಕಾಲು ಬಿಗಿದುಕೊಂಡುಬಿಟ್ಟವು.

ಕೊನೆಗೆ ರೈಲು ಹತ್ತಿಸಿ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆ. ನರರೋಗದ ಡಾಕ್ಟರಮ್ಮ ಅವಳನ್ನು ಬಹಳ ಹೊತ್ತು ಮಾತಾಡಿಸಿದರು, ನಡೆಸಿ ನೋಡಿದರು, ಪೆಟ್ ಸ್ಕ್ಯಾನ್ ಮಾಡಿಸಲು ಹೇಳಿದರು. ತುಸು ವಿಕಿರಣವಿರುವ, ಸಕ್ಕರೆಯಂಥ ದ್ರವವನ್ನು ನರಕ್ಕೆ ಚುಚ್ಚಿ, ಮಬ್ಬು ಬೆಳಕಿನ ಕೋಣೆಯಲ್ಲಿ ಸುಮ್ಮನೆ ಮಲಗಿಸಿ, ಬಳಿಕ ಅವಳನ್ನು ಯಂತ್ರದೊಳಗೆ ಸರಿಸಿದರು.

“ಮಿದುಳಿಗೆ ಕೆಲಸ ಮಾಡೋಕೆ ಸಕ್ಕರೆ ಬೇಕು. ಎಲ್ಲಿ ಕೆಲಸ ಚೆನ್ನಾಗಿ ನಡೀತಿದೆಯೋ ಅಲ್ಲಿ ಹೊಳಪು ಕಾಣುತ್ತೆ,” ಎನ್ನುತ್ತಾ ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಹಳದಿ, ಕಿತ್ತಳೆ ಬಣ್ಣಗಳಲ್ಲಿ ಅವ್ವನ ತಲೆ ಬೆಳಗುತ್ತಿತ್ತು. ಹಿಂಭಾಗ ಮಾತ್ರ ನೀಲಿಗಟ್ಟಿತ್ತು. “ಕಣ್ಣು ಕಂಡದ್ದು ಏನು ಅಂತ ಗುರುತಿಸೋ ಜಾಗ ಇದು, ಮಂಕಾಗಿದೆ. ನಡಿಗೆ, ಕಾಣೋ ಹೆಂಗಸರು, ದಿನಕ್ಕೊಂದು ಥರ ಇರೋದು, ಎಲ್ಲ ಸೇರಿಸಿ ನೋಡಿದ್ರೆ ಇದು ಲೆವಿ ಬಾಡಿ ಅನ್ನೋ ಮರೆವಿನ ಕಾಯಿಲೆ. ಆ ಮಾತ್ರೆ ಇವರಿಗೆ ಆಗಲ್ಲ, ನಿಲ್ಲಿಸೋಣ.”

ನನ್ನನ್ನು ಹೆತ್ತವಳ ಯೋಚನೆಗಳೆಲ್ಲ ಹುಟ್ಟಿದ ಜಾಗವನ್ನು, ಅವಳು ಪಕ್ಕದಲ್ಲೇ ಉಸಿರಾಡುತ್ತಾ ಕೂತಿರುವಾಗ, ನಾನು ಕಣ್ಣಾರೆ ನೋಡುತ್ತಿದ್ದೆ.

ಅವ್ವ ಬಗ್ಗಿ ಪರದೆಯನ್ನು ಬೆರಳಿನಿಂದ ಮುಟ್ಟಿದಳು. “ಇದು ನನ್ ತಲೆನಾ?”

“ಊಂ ಕಣವ್ವ.”

“ಎಷ್ಟ್ ಚೆಂದಾಗೈತೆ!” ಆಮೇಲೆ ನನ್ನತ್ತ ತಿರುಗಿ, “ಹಂಗಾರೆ ನಾನು ಸುಳ್ಳಾಡ್ಲಿಲ್ಲ ಅಲ್ವಾ?” ಎಂದಳು.

“ಇಲ್ಲ ಕಣವ್ವ. ತಪ್ಪು ನಂದೇ,” ಎಂದೆ.

ಮಾತ್ರೆ ಬಿಟ್ಟ ಕೆಲವು ವಾರಗಳಲ್ಲಿ ಕೈಕಾಲು ಸಡಿಲವಾದವು. ಕಾಯಿಲೆ ವಾಸಿಯಾಗುವಂಥದ್ದಲ್ಲ, ಹೆಂಗಸರೂ ಬರುತ್ತಲೇ ಇದ್ದಾರೆ. ಮೊನ್ನೆ ಅವರು ಹಿತ್ತಲಲ್ಲಿ ಸೀರೆ ಒಣಗಿಸುತ್ತಿದ್ದಾರೆಂದು ಅವ್ವ ಹೇಳಿದಳು. ಯಾವ್ಯಾವ ಬಣ್ಣದ್ದೆಂದು ಕೇಳಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, ಒಂದೊಂದನ್ನೇ ಹೇಳುತ್ತಾ ಹೋದಳು.